ಮೂವತ್ತೆಂಟು ಕಿಲೋದ ಅತ್ತೆ

ನನ್ನ ಮುಂದಿನ ಸ್ಟೂಲಿನ ಮೇಲೆ ಕೂತವರೇ ರೋಗಿ ಎಂಬ ನಿಯಮ ಕಮಲಾಪುರದಲ್ಲಿಲ್ಲ. ಅಲ್ಲಿ ದವಾಖಾನೆಗೆ ಬರುವುದು ಮನೆಯಲ್ಲಿ ಆ ದಿನ ಯಾರಿಗೆ ಪುರಸೊತ್ತಿದೆಯೋ ಅವರು. ಅಣ್ಣನ ಹೊಟ್ಟೆನೋವನ್ನು ತಮ್ಮ ತರುತ್ತಾನೆ, ಗಂಡನ ಮಂಡಿಯನ್ನು ಹೆಂಡತಿ ತರುತ್ತಾಳೆ. ಸಂತೆಗೆ ಹೊರಟ ಪಕ್ಕದ ಮನೆಯವನ ಕೈಯಲ್ಲಿ ಅಜ್ಜನ ಮಲಬದ್ಧತೆಯನ್ನು ಕೊಟ್ಟು ಕಳಿಸಿದ್ದೂ ಉಂಟು. "ಎಷ್ಟು ದಿನದಿಂದ?" ಎಂದು ಕೇಳಿದೆ. "ಅದೊಂದು ಕೇಳ್ಕೊಂಡು ಬಂದಿಲ್ರಿ, ಫೋನ್ ಹಚ್ಚಲೇನು?" ಎಂದ. ಹಚ್ಚಿದ, ಸ್ಪೀಕರ್ ಕೂಡ ಹಾಕಿದ. ಹೊರಗೆ ಬೆಂಚಿನ ಮೇಲಿದ್ದ ಅಷ್ಟೂ ಜನರಿಗೆ ಕೇಳುವಂತೆ ಅಜ್ಜ ತಮ್ಮ ಕಷ್ಟವನ್ನು ಸವಿಸ್ತಾರವಾಗಿ ಹೇಳಿದರು. ಬೆಂಚಿನವರು ನಾಲ್ಕು ಮನೆಮದ್ದು ಸೂಚಿಸಿದರು. ನಾನು ಐದನೆಯದನ್ನು ಬರೆದುಕೊಟ್ಟೆ.

ನನ್ನ ಮನೆ ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ. ಮುಂದಿನ ಕೋಣೆಯೇ ದವಾಖಾನೆ. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಕಮಲಾಪುರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಗಳಲ್ಲಿ ಕೂರುತ್ತೇನೆ. ಇಪ್ಪತ್ತೆಂಟು ವರ್ಷವಾಯಿತು. ನಮ್ಮದು ಮರಾಠಿ ಮತ್ತು ಕನ್ನಡ ಒಂದೇ ವಾಕ್ಯದಲ್ಲಿ ಜಗಳವಾಡಿಕೊಂಡು ಬದುಕುವ ಮನೆ. ಅಜ್ಜ, ಮುತ್ತಜ್ಜ ಪೂಜೆ ಮಾಡಿಕೊಂಡಿದ್ದವರು. ಮೊದಲ ಡಾಕ್ಟರು ನಾನೇ. ಆದರೂ ಮದುವೆಮನೆಗಳಲ್ಲಿ ನೆಂಟರು ಇವತ್ತಿಗೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ನೀ ಯಾವುದರ ಡಾಕ್ಟರು?"

"ಮನೆಮಂದಿಯ ಡಾಕ್ಟರು" ಎನ್ನುತ್ತೇನೆ.

"ಅಂದ್ರ ಮುಂದ ಓದಲಿಲ್ಲ ಅನ್ನು" ಎಂದು ಮರುಗಿ, ಜಿಲೇಬಿ ಬಡಿಸುತ್ತಾರೆ.

ಅವರ ತಪ್ಪಲ್ಲ. ಕಲಬುರಗಿಯಲ್ಲಿ ಈಗ ದೇಹದ ಒಂದೊಂದು ಭಾಗಕ್ಕೂ ಒಂದೊಂದು ಆಸ್ಪತ್ರೆ ಎದ್ದಿದೆ. ಮಂಡಿಗೊಂದು, ಮೂತ್ರಪಿಂಡಕ್ಕೊಂದು, ಎಡಗಿವಿ ಬಲಗಿವಿಗೆ ಬೇರೆ ಬೇರೆ ಬಂದರೂ ನನಗೆ ಆಶ್ಚರ್ಯವಿಲ್ಲ. ಅವರೆಲ್ಲ ಒಳ್ಳೆಯ ಡಾಕ್ಟರುಗಳೇ. ನನಗೆ ಎದೆ ನೋವು ಬಂದರೆ ನಾನೂ ಅಲ್ಲಿಗೇ ಓಡುವವಳು. ಕಷ್ಟವೇನೆಂದರೆ ಮನುಷ್ಯ ಮಾತ್ರ ಇನ್ನೂ ಇಡಿಯಾಗಿಯೇ ಓಡಾಡುತ್ತಿದ್ದಾನೆ. ರೋಜಾ ಬಡಾವಣೆಯಲ್ಲಿ ಅತ್ತರಿನ ಅಂಗಡಿ ಇಟ್ಟಿರುವ ಒಬ್ಬ ಹಿರಿಯರು ಐದು ಆಸ್ಪತ್ರೆಯ ಐದು ಫೈಲುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ನನ್ನ ಬಳಿ ಬರುತ್ತಾರೆ. ಐವರೂ ಅವರಿಗೆ ತಂತಮ್ಮ ಮಾತ್ರೆಯ ಜೊತೆಗೆ ಹೊಟ್ಟೆ ಉರಿಯದಿರಲೆಂದು ಒಂದೊಂದು ಗ್ಯಾಸಿನ ಗುಳಿಗೆ ಕೊಟ್ಟಿರುತ್ತಾರೆ. ಅವರು ಐದನ್ನೂ ನಂಬಿಕೆಯಿಂದ ನುಂಗಿರುತ್ತಾರೆ. ನಾಲ್ಕನ್ನು ತೆಗೆದು ಒಂದನ್ನು ಉಳಿಸುವುದು ನನ್ನ ಕೆಲಸ. "ಆಪ್ ಕಮ್ ಕರ್ತೇ ಸೋ ಡಾಕ್ಟರ್ ಹೈ" ಎಂದು ಅವರು ಹೊಗಳುತ್ತಾರೆ. ಕಡಿಮೆ ಮಾಡುವ ಡಾಕ್ಟರು! ನನ್ನ ಬೋರ್ಡಿನ ಮೇಲೆ ಬರೆಸಲು ಇದಕ್ಕಿಂತ ಒಳ್ಳೆಯ ಪದವಿ ಸಿಗಲಿಲ್ಲ.

ಇಷ್ಟೆಲ್ಲ ಹೇಳಿದ್ದು ನನಗೆ ನನ್ನ ಬಗ್ಗೆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು ಎಂದು ತಿಳಿಸಲು. ಆ ಜಂಬದ ಮುಖ್ಯ ಕಾರಣ ಒಂದು ಹಳದಿ ಕಾರ್ಡು. ಉಳಿದ ಡಾಕ್ಟರುಗಳು ಒಬ್ಬೊಬ್ಬ ರೋಗಿಗೆ ಒಂದೊಂದು ಕಾರ್ಡು ಇಟ್ಟರೆ, ನಾನು ಕಮಲಾಪುರದಲ್ಲಿ ಮನೆಗೊಂದು ಕಾರ್ಡು ಇಟ್ಟಿದ್ದೆ. ಮೇಲ್ಗಡೆ ಮನೆಯ ಹಿರಿಯರ ಹೆಸರು, ಕೆಳಗೆ ಇಡೀ ಸಂಸಾರದ ಸಂಕಟ. ಮಗುವಿನ ಲಸಿಕೆಯ ಕೆಳಗೆ ಅಜ್ಜಿಯ ರಕ್ತದೊತ್ತಡ, ಅದರ ಕೆಳಗೆ ಮಗನ ತುರಿಕೆ. ರೋಗ ಒಬ್ಬರದಲ್ಲ, ಮನೆಯದು ಎಂದು ಭಾಷಣ ಮಾಡುವಾಗೆಲ್ಲ ಈ ಕಾರ್ಡನ್ನು ಎತ್ತಿ ತೋರಿಸುತ್ತಿದ್ದೆ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅದರೊಳಗೆ ಯಾರದು ಯಾವ ರೋಗ ಎಂದು ಹೇಗೆ ತಿಳಿಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಎಲ್ಲ ನೆನಪಿರುತ್ತದೆ ಎಂದು ನಾನೂ ನಂಬಿದ್ದೆ.

ಮೂರು ವರ್ಷದ ಹಿಂದೆ, ಚಳಿಗಾಲದ ಒಂದು ಶುಕ್ರವಾರ, ಇಪ್ಪತ್ನಾಲ್ಕು ಇಪ್ಪತ್ತೈದರ ಒಬ್ಬ ಸೊಸೆ ಬಂದಳು. ಊರಿನ ಅಂಚಿನ ಓಣಿಯವಳು. ಗಂಡನಿಗೆ ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಕೆಲಸ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾನೆ. ಮೂರು ವರ್ಷದ ಒಂದು ಹೆಣ್ಣುಮಗು. ಅವಳ ಅತ್ತೆಯನ್ನು ನಾನು ಚೆನ್ನಾಗಿ ಬಲ್ಲೆ: ಗಟ್ಟಿ ಆಳು, ಗಟ್ಟಿ ದನಿ. ಆದರೆ ವರ್ಷದಿಂದ ದವಾಖಾನೆಯ ಕಡೆ ಮುಖ ಹಾಕಿರಲಿಲ್ಲ. ಹೋದರೆ ಇಲ್ಲದ ರೋಗ ಅಂಟಿಸಿ ಕಳಿಸುತ್ತಾರೆ ಎಂಬುದು ಅವಳ ಸಿದ್ಧಾಂತ.

ಸೊಸೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು, "ಅತ್ತಿಗೆ ಕೆಮ್ಮು ಅದರಿ. ತಿಂಗಳಾತು. ಸಂಜೀ ಮುಂದ ಮೈ ಬಿಸಿ ಆಗ್ತದ. ಊಟ ಸೇರಂಗಿಲ್ಲ."

"ಕರ್ಕೊಂಡು ಬಾ."

"ಬರಂಗಿಲ್ರಿ ಅವರು. ಗುಳಿಗಿ ಕೊಡ್ರಿ, ನಾ ಕೊಡ್ತೀನಿ."

ಹೀಗೆ ಹೇಳಿ ಔಷಧ ಒಯ್ಯುವುದು ಅಲ್ಲಿ ದಿನದ ಮಾತು. ಬೈದು ಒಂದು ವಾರದ್ದು ಕೊಟ್ಟೆ. ಎರಡು ವಾರ ಬಿಟ್ಟು ಮತ್ತೆ ಬಂದಳು. ಅತ್ತೆಯ ಕೆಮ್ಮು ಹೋಗಿಲ್ಲವಂತೆ. ಹೇಳುತ್ತ ಅವಳೇ ಕೆಮ್ಮಿದಳು. "ಬಸ್ ಸ್ಟ್ಯಾಂಡಿನ ಧೂಳು" ಎಂದೆ ನಾನು. "ಹೌದ್ರಿ, ಧೂಳು" ಎಂದಳು. ರೋಗಿಗೆ ಸುಳ್ಳು ಹೇಳಲು ಕಷ್ಟವಾಗದಂತೆ ಡಾಕ್ಟರೇ ನೆಪ ಒದಗಿಸಿಕೊಡುವುದು ಎಂದರೆ ಇದೇ.

ಆಗ ನನ್ನ ಕಣ್ಣು ಕಾರ್ಡಿನ ಮೇಲೆ ಬಿತ್ತು. ಮೇಲೆ ಅತ್ತೆಯ ಹೆಸರು. ಹೋದ ವರ್ಷದ ತೂಕ: ಅರವತ್ನಾಲ್ಕು ಕಿಲೋ. ಇವತ್ತಿನ ತೂಕ: ಮೂವತ್ತೆಂಟು.

ಅರವತ್ನಾಲ್ಕು ಎಲ್ಲಿ, ಮೂವತ್ತೆಂಟು ಎಲ್ಲಿ! ಕೆಮ್ಮು, ಸಂಜೆಯ ಜ್ವರ, ಇಷ್ಟು ತೂಕ ಇಳಿದಿದೆ. ಕ್ಷಯವಲ್ಲದೆ ಮತ್ತೇನು? ಕಫ ಹಿಡಿಯುವ ಎರಡು ಡಬ್ಬಿ ಕೊಟ್ಟು, ಒಂದರಲ್ಲಿ ಈಗಿನದು, ಇನ್ನೊಂದರಲ್ಲಿ ನಾಳೆ ಬೆಳಿಗ್ಗೆ ಎದ್ದ ಕೂಡಲೇ ಬಂದದ್ದು ಹಿಡಿಯಬೇಕೆಂದು ಅತ್ತೆಗೆ ಹೇಳಲು ಹೇಳಿದೆ. ಅತ್ತೆಯ ಹೆಸರಿನ ಚೀಟಿ ಬರೆದೆ. ಸೊಸೆ ಎರಡನ್ನೂ ಸರ್ಕಾರಿ ದವಾಖಾನೆಗೆ ತಪ್ಪದೆ ಮುಟ್ಟಿಸಿದಳು. ಫಲಿತಾಂಶ ಬಂತು: ಕ್ಷಯ. ಅಂದು ಊರಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ರೋಗಿಯನ್ನು ನೋಡದೆ, ಬರೀ ಕಾರ್ಡು ನೋಡಿ ರೋಗ ಹಿಡಿದೆನಲ್ಲ!

ನಮ್ಮ ದವಾಖಾನೆಯ ನರ್ಸಮ್ಮನಿಗೆ ಒಂದು ಅಭ್ಯಾಸವಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಯಾರ ಕಾಯಿಲೆ ಎಂದು ಅವಳು ಕೇಳುವುದಿಲ್ಲ. ಬಾಗಿಲಲ್ಲಿ ಕಾಲಿಟ್ಟವರನ್ನೆಲ್ಲ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಂದ ಸಂಖ್ಯೆಯನ್ನು ಕೈಗೆ ಸಿಕ್ಕ ಕಾರ್ಡಿನ ಮೇಲೆ ಬರೆಯುತ್ತಾಳೆ.

ಕ್ಷಯ ಎಂದು ಗೊತ್ತಾದ ಮೇಲೆ ಸರ್ಕಾರ ಸುಮ್ಮನಿರುವುದಿಲ್ಲ. ಔಷಧ ಉಚಿತ, ಅದನ್ನು ಮನೆಗೆ ಮುಟ್ಟಿಸಿ, ರೋಗಿ ನುಂಗಿದರೋ ಇಲ್ಲವೋ ಎಂದು ನೋಡುವವಳು ಓಣಿಯ ಆಶಾ ಕಾರ್ಯಕರ್ತೆ. ಆ ಓಣಿಯ ಆಶಾ ಚುರುಕು ಹೆಣ್ಣು. ಅವಳು ಆ ಮನೆಗೆ ಹೋದಾಗ ಅತ್ತೆ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದಳಂತೆ. ಆಶಾ ಮೆಲ್ಲಗೆ, ಹೆದರಬೇಡ ಎಂದು ಶುರುಮಾಡಿ ವಿಷಯ ಹೇಳಿದಳು.

"ಯಾರಿಗೆ? ನನಗ?" ಅತ್ತೆ ಮೊರ ಕೆಳಗಿಟ್ಟಳು. "ನಾ ಕೆಮ್ಮಿದ್ದು ಯಾವಾಗ ನೋಡೀದಿ ನೀ? ಕರೀ ಓಣಿಮಂದೀನ, ಯಾರರ ಕೇಳ್ಯಾರೇನು ನನ್ನ ಕೆಮ್ಮು?"

ಆಶಾ ರಿಪೋರ್ಟು ತೋರಿಸಿದಳು. ಹೆಸರು ಸರಿ, ವಯಸ್ಸು ಸರಿ, ಮನೆ ಸರಿ. ಸೊಸೆ ಒಳಗಿನಿಂದ ಹೊರಬರಲೇ ಇಲ್ಲ.

ಮುಂದಿನ ಮಂಗಳವಾರ ನಾನು ದವಾಖಾನೆಯ ಬೀಗ ತೆಗೆಯುವ ಮೊದಲೇ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ವರ್ಷದಿಂದ ಬಾರದವಳು ಅಂದು ಮೊದಲ ನಂಬರು. ಮೂವತ್ತೆಂಟು ಕಿಲೋದ ಸವೆದ ಜೀವವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದ ನಾನು ಅವಳನ್ನು ನೋಡಿ ಬಾಯಿ ಬಿಟ್ಟೆ. ಮೆಟ್ಟಿಲು ತುಂಬ ಕೂತಿದ್ದಳು.

"ನಾ ಹೇಳ್ತಿದ್ದಿಲ್ಲೇನ್ರಿ? ದವಾಖಾನಿಗೆ ಬಂದ್ರ ಇಲ್ಲದ್ದು ಹಚ್ಚತಾರ ಅಂತ. ಈಗ ಬರದಿದ್ರೂ ಹಚ್ಚಾಕತ್ತೀರಿ!" ಎಂದಳು. "ತಗೀರಿ ನನ್ನ ಉಗುಳ. ಎಷ್ಟು ಡಬ್ಬಿ ಬೇಕು ಹೇಳ್ರಿ."

ಅವಳ ಎದೆಗೆ ಸ್ಟೆತೊಸ್ಕೋಪು ಇಟ್ಟೆ. ಗಾಳಿ ಸಾಫಾಗಿ ಹೋಗಿ ಸಾಫಾಗಿ ಬರುತ್ತಿತ್ತು. ತೂಕ ನೋಡಿದೆ: ಅರವತ್ತೈದು. ಕಾರ್ಡನ್ನು ಅವಳ ಮುಂದೆ ಇಟ್ಟು, "ಇಲ್ಲಿ ನೋಡು, ಹದಿನೈದು ದಿನದ ಕೆಳಗೆ ನೀನು ಮೂವತ್ತೆಂಟು" ಎಂದೆ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ಒಂದು ತೊಡಿ ತೂಗ್ಯಾಳೇನ್ರಿ ನಿಮ್ಮ ನರ್ಸಮ್ಮ?" ನಾನೂ ನಕ್ಕೆ, ಬಾಗಿಲಲ್ಲಿ ನರ್ಸಮ್ಮನೂ ನಕ್ಕಳು. ನಗುತ್ತಿದ್ದ ಹಾಗೇ ಅತ್ತೆಯ ನಗು ನಿಂತಿತು. ಕಾರ್ಡಿನ ಮೇಲೆ ಬೆರಳಿಟ್ಟಳು.

"ಮೂವತ್ತೆಂಟರಾಕಿ ನಮ್ಮ ಮನ್ಯಾಗ ಒಬ್ಬಾಕಿ ಅದಾಳ್ರಿ" ಎಂದಳು.

ಇಪ್ಪತ್ತೈದು ವರ್ಷದ ಅನುಭವದ ನನಗಿಂತ ಅರ್ಧ ನಿಮಿಷ ಮೊದಲೇ ಅವಳಿಗೆ ತಿಳಿಯಿತು. ಮುಂದೆ ಕೂತು, ತನ್ನ ರೋಗವನ್ನು ಒಂದೂ ಬಿಡದೆ ಹೇಳಿದ, ನನ್ನೆದುರಲ್ಲೇ ಕೆಮ್ಮಿದ ಹುಡುಗಿಯ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಅಂದೇ ಮಧ್ಯಾಹ್ನ ಸೊಸೆಯನ್ನು ಕರೆಸಿದೆವು. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡವಳಂತೆ ಬಿಗಿಯಾಗಿ ಹಿಡಿದು ಬಂದಳು. ಅತ್ತೆ ಬೈಯುತ್ತಾಳೆಂದು ನಾನು ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಸೊಸೆ ಅಳುತ್ತ ಹೇಳಿದ್ದು ಇಷ್ಟು. ಅವಳ ಅಕ್ಕನಿಗೂ ಇದೇ ರೋಗ ಬಂದಿತ್ತು. ಗಂಡನ ಮನೆಯವರು ಅಕ್ಕನನ್ನು ತವರಿಗೆ ಬಿಟ್ಟುಹೋದರು; ಎರಡು ಮಕ್ಕಳನ್ನು ತಮ್ಮಲ್ಲೇ ಇಟ್ಟುಕೊಂಡರು. ಅಕ್ಕ ಗುಣವಾದಳು, ಆದರೂ ಕರೆಯಲು ಯಾರೂ ಬರಲಿಲ್ಲ. "ನನ್ನೂ ಬಿಟ್ಟು ಬರ್ತೀರಂತ ಹೆದರಿಕಿ ಆತು. ನಿಮ್ಮ ಹೆಸರಿನ್ಯಾಗ ಗುಳಿಗಿ ತಗೊಂಡು ಸುಮ್ಮ ನುಂಗಿದ್ರ ಆಗ್ತದಂತ ಮಾಡಿದ್ದೆ. ಮುದುಕ್ಯಾರನ್ನ ಯಾರೂ ತವರಿಗೆ ಕಳಸಂಗಿಲ್ಲ."

ಅತ್ತೆ ನನ್ನ ಕಡೆ ತಿರುಗಿ, "ಮುದುಕಿ ಅಂತಾಳ ನೋಡ್ರಿ ನನಗ" ಎಂದಳು. ಸಿಟ್ಟು ಬಂದದ್ದು ಅದೊಂದು ಮಾತಿಗೆ. ಆಮೇಲೆ ಮಗುವನ್ನು ಇಸಿದುಕೊಂಡು ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. "ಬರೋಬರಿ ಹೇಳ್ಯಾಳ. ನಂಗ ತವರಿಲ್ಲ, ಎಲ್ಲಿಗೆ ಕಳಸ್ತಾರ? ಕಾರ್ಡ್ ನನ್ನ ಹೆಸರಿಂದು ಅದ, ರೋಗಾನೂ ಅದರಾಗೇ ಇರಲಿ ಬಿಡ್ರಿ."

ನಾನು ಸಿಡುಕಿದೆ. ಸರ್ಕಾರದ ದಾಖಲೆ ನಿಮ್ಮ ಮನೆಯ ಅಡುಗೆಯಲ್ಲ, ಔಷಧ ತೂಕ ನೋಡಿ ಕೊಡುವುದು, ಯಾರ ರೋಗವೋ ಅವರ ಹೆಸರೇ ಇರಬೇಕು ಎಂದು ದೊಡ್ಡ ದನಿಯಲ್ಲಿ ತಿಳಿಸಿದೆ. ಹೆಸರನ್ನು ಯಾರೂ ಓಣಿಯಲ್ಲಿ ಡಂಗುರ ಸಾರುವುದಿಲ್ಲ ಎಂದೂ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡಳು.

"ಆತು, ಕಾಗದದಾಗ ಅಕಿ ಹೆಸರು ಬರೀರಿ. ಓಣ್ಯಾಗ ನಾ ಏನ್ ಹೇಳ್ತೀನಿ ಅದು ನಂದು. ನಿಮ್ಮ ಆಶಾ ದಿನಾ ಬಾಗಲಿಗೆ ಬರೋದು ಮಂದಿ ನೋಡಂಗಿಲ್ಲೇನು? ಯಾರಿಗೆ ಅಂತ ಕೇಳ್ತಾರ. ನನಗ ಅಂತೀನಿ."

ಸಂಜೆ ಬಸ್ಸಿಳಿದ ಮಗನನ್ನೂ ದವಾಖಾನೆಗೇ ಕರೆಸಿದಳು. ಅವನಿಗೆ ಹೇಗೆ ಹೇಳಬೇಕೆಂದು ನಾನು ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದೆ. ಅವಳು ಬಾಗಿಲಲ್ಲೇ ಹೇಳಿ ಮುಗಿಸಿದಳು: "ನಿನ್ನ ಹೇಣ್ತಿಗೆ ಕೆಮ್ಮಿನ ಬ್ಯಾನಿ. ಆರು ತಿಂಗಳು ಗುಳಿಗಿ. ಅಕಿ ಎಲ್ಲೂ ಹೋಗಂಗಿಲ್ಲ. ಏನರ ಅಂತೀಯೇನು?" ಅವನು ಹೆಂಡತಿಯನ್ನು ನೋಡಿ, "ನನಗ ಮೊದಲ ಹೇಳಬಾರದೇನು" ಎಂದಷ್ಟೇ ಕೇಳಿದ. ಮನೆಯವರೆಲ್ಲರಿಗೂ ಪರೀಕ್ಷೆ ಮಾಡಿಸಿದೆವು. ಉಳಿದವರಲ್ಲಿ ರೋಗವಿರಲಿಲ್ಲ. ಮಗುವಿಗೆ ರೋಗ ತಗಲದಂತೆ ಬೇರೆ ಔಷಧ ಶುರುವಾಯಿತು. ನಾನು ಅಂದೇ ಆ ಹಳದಿ ಕಾರ್ಡನ್ನು ನಾಲ್ಕು ಮಾಡಿದೆ.

ಅಲ್ಲಿಂದ ಅತ್ತೆಯ ಕೆಮ್ಮು ಶುರುವಾಯಿತು.

ಮೊದಮೊದಲು ಅದು ಚೆನ್ನಾಗಿ ಬರುತ್ತಿರಲಿಲ್ಲವಂತೆ. ಕಟ್ಟೆಯ ಮೇಲೆ ಹೆಂಗಸರು ಕೂತಾಗ ಒಮ್ಮೆ ಕೆಮ್ಮಿ, ಮಾತಿನ ಭರದಲ್ಲಿ ಮರೆತು, ಅರ್ಧ ಗಂಟೆಯ ನಂತರ ನೆನಪಾಗಿ ಒಟ್ಟಿಗೆ ಹತ್ತು ಸಲ ಕೆಮ್ಮುತ್ತಿದ್ದಳಂತೆ. ತಿಂಗಳಲ್ಲಿ ಕೈ ಕುದುರಿತು. ಆಶಾ ಬಂದು ವರದಿ ಒಪ್ಪಿಸುತ್ತಿದ್ದಳು, "ಮೇಡಂ, ಅಕಿ ಕೆಮ್ಮೋದು ಕೇಳಿದ್ರ ಖರೇ ಗೊತ್ತಿದ್ದ ನನಗೇ ಹೆದರಿಕಿ ಆಗ್ತದ. ನಿನ್ನೆ ಎದಿ ಹಿಡ್ಕೊಂಡು ಗ್ವಾಡಿಗೆ ಒರಗಿದಳ್ರಿ." ಆಶಾ ಗುಳಿಗೆ ತಂದಾಗ ಅತ್ತೆ ಅಂಗಳದಲ್ಲೇ ನಿಂತು ಎಲ್ಲರಿಗೂ ಕೇಳುವಂತೆ "ತಾ ನನ್ನ ಗುಳಿಗಿ" ಎಂದು ಇಸಿದುಕೊಳ್ಳುತ್ತಿದ್ದಳು. ಒಳಗೆ ಹೋಗಿ ಸೊಸೆಯ ಕೈಗೆ ಹಾಕಿ, ನುಂಗುವವರೆಗೆ ಎದುರು ನಿಂತು, ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಎರಡನೇ ತಿಂಗಳಲ್ಲಿ ಸೊಸೆಗೆ ವಾಕರಿಕೆ ಬಂದು ಗುಳಿಗೆ ಬೇಡ ಎಂದಾಗ, ನಾನು ಹೇಳಿದ್ದಕ್ಕಿಂತ ಹೆಚ್ಚು ಅತ್ತೆಯ ಕಣ್ಣಿಗೆ ಹೆದರಿ ನುಂಗಿದಳು. ತೂಕದಲ್ಲಿ ನಲವತ್ತಾದಳು, ನಲವತ್ತೆರಡಾದಳು.

ಕಲಬುರಗಿಯ ಐವಾನ್-ಎ-ಶಾಹಿಯ ಕಡೆ ಒಮ್ಮೆ ಡಾಕ್ಟರುಗಳ ಸಭೆಯಿತ್ತು. ಊಟದ ಹೊತ್ತಿನಲ್ಲಿ, ಊರು ಓಣಿ ಬದಲಿಸಿ, ನಾನು ಈ ಕಥೆಯನ್ನು ಅಭಿನಯ ಸಹಿತ ಹೇಳಿದೆ. ಅತ್ತೆಯ ಕೆಮ್ಮನ್ನು ಕೆಮ್ಮಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಮುದಾಯದ ಆರೋಗ್ಯ ಎಂದರೆ ಇದು ನೋಡಿ ಎಂದು ಒಬ್ಬರು ಹೊಗಳಿದರು. ನಾನು ಎರಡನೇ ಸಲ ಗುಲಾಬ್ ಜಾಮೂನು ಹಾಕಿಸಿಕೊಂಡೆ.

ಐದನೇ ತಿಂಗಳಲ್ಲಿ ಆ ಓಣಿಯ ಒಂದು ಮನೆಯಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಮಗುವಿನ ತಾಯಿಯನ್ನು ಬಸುರಿನ ಒಂಬತ್ತು ತಿಂಗಳೂ ನೋಡಿದ್ದೆನಾದ್ದರಿಂದ ನನ್ನನ್ನೂ ಕರೆದಿದ್ದರು. ಮಧ್ಯಾಹ್ನದ ಹೊತ್ತು, ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ನೀಲಿ ಕೋಟಿನವರ ಪಟ; ಎರಡಕ್ಕೂ ಹೊಸ ಮಾಲೆ. ನನಗೆ ಕುರ್ಚಿ ಹಾಕಿದರು. ಹೆಂಗಸರೆಲ್ಲ ಚಾಪೆಯ ಮೇಲೆ ತೊಟ್ಟಿಲ ಸುತ್ತ ಕೂತಿದ್ದರು. ಸೊಸೆಯೂ ಅವರ ನಡುವೆ ಇದ್ದಳು. ಅತ್ತೆ ಮಾತ್ರ ಹೊಸ್ತಿಲಿನಾಚೆ, ಚಪ್ಪಲಿಗಳ ಪಕ್ಕ, ಒಂದು ಗೋಣಿಚೀಲದ ಮೇಲೆ ಕೂತಿದ್ದಳು.

ಚಹಾ ಬಂತು. ನಮಗೆಲ್ಲ ಹೂವಿನ ಚಿತ್ರದ ಪಿಂಗಾಣಿ ಕಪ್ಪು. ಅತ್ತೆಗೆ ಬಾಗಿಲ ಮೂಲೆಯಲ್ಲಿ ಮೊದಲೇ ಎತ್ತಿಟ್ಟಿದ್ದ ಒಂದು ಹಳೆಯ ಪ್ಲಾಸ್ಟಿಕ್ ಲೋಟ. ಮನೆಯೊಡತಿ ಮೇಲಿನಿಂದ ಸುರಿದಳು. ಅತ್ತೆ ಎರಡೂ ಕೈಯಲ್ಲಿ ಹಿಡಿದು ಕುಡಿದು, ಲೋಟವನ್ನು ತಾನೇ ತೊಳೆದು ಮತ್ತೆ ಅದೇ ಮೂಲೆಯಲ್ಲಿಟ್ಟಳು. ಎಲ್ಲಿಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ, ರೂಢಿಯಾಗಿತ್ತು.

ನಾನು ಕಪ್ಪನ್ನು ಕೆಳಗಿಟ್ಟೆ. ನನ್ನ ಅಜ್ಜಿಯ ಮನೆಯ ಹಿತ್ತಲ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಹಿಡಿ ಮುರಿದ ಒಂದು ಕಪ್ಪು. ಕೆಲಸಕ್ಕೆ ಬಂದವರು ಅದನ್ನು ತಾವೇ ತೆಗೆದುಕೊಂಡು, ಮೇಲಿನಿಂದ ಸುರಿಸಿಕೊಂಡು, ತಾವೇ ತೊಳೆದು ಇಡುತ್ತಿದ್ದರು. ನಾನು ದಿನಾ ನೋಡುತ್ತಿದ್ದೆ. ಒಂದು ದಿನವೂ ಏನೂ ಕೇಳಿರಲಿಲ್ಲ.

ಎದ್ದು ಹೊಸ್ತಿಲ ಬಳಿ ಹೋಗಿ ಕೂತೆ. "ಎಷ್ಟು ದಿನದಿಂದ ಹೀಗೆ?" ಎಂದೆ.

"ಮೊದಲ ತಿಂಗಳಿಂದ್ರಿ" ಎಂದಳು ಅತ್ತೆ, ನಗುತ್ತಲೇ. "ನನಗೇನು, ಮನ್ಯಾಗ ಕುಡೀತೀನಿ. ಕಪ್ಪು ಬ್ಯಾರೆ ಇಡೋದು ನಮಗೇನು ಹೊಸಾದೇನ್ರಿ? ಆವಾಗ ಊರ ಮಂದಿ ಇಟ್ಟಿದ್ರು. ಈಗ ನಮ್ಮವರೇ ಇಟ್ಟಾರ, ಅಷ್ಟೇ."

ನಾನು ಆ ಕೆಮ್ಮನ್ನು ಅಭಿನಯಿಸಿ ಜಾಮೂನು ತಿಂದವಳು. ಐದು ತಿಂಗಳು ಆ ಮನೆಯ ನಾಲ್ವರನ್ನು ಅಂಗೈಯಲ್ಲಿಟ್ಟು ನೋಡಿದ್ದೆ. ಮನೆಯ ಹೊರಗೆ ಒಂದು ಓಣಿ ಇದೆ, ಅದಕ್ಕೂ ಯಾರಾದರೂ ಹೇಳಬೇಕು ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಈಗಲಾದರೂ ಹೇಳೋಣವೆಂದು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಚಾಪೆಯಿಂದ ಸೊಸೆ ಎದ್ದಳು. ಅತ್ತೆಯ ಮಾತು ಅವಳಿಗೆ ಕೇಳಿಸಿತ್ತು.

ಬಂದವಳು ಮೂಲೆಯ ಪ್ಲಾಸ್ಟಿಕ್ ಲೋಟ ಎತ್ತಿಕೊಂಡು ಮನೆಯೊಡತಿಯ ಮುಂದೆ ಹಿಡಿದಳು. "ಇದರಾಗ ನನಗ ಹಾಕ್ರಿ. ಅತ್ತಿಗೆ ಏನೂ ಆಗಿದ್ದಿಲ್ಲ. ಕೆಮ್ಮಿನ ಬ್ಯಾನಿ ನಂದು. ಗುಳಿಗಿ ನುಂಗಾಕತ್ತಾಕಿ ನಾನು."

ತೊಟ್ಟಿಲು ತೂಗುತ್ತಿದ್ದ ಕೈ ನಿಂತಿತು.

"ಸುಳ್ಳು!" ಎಂದಳು ಅತ್ತೆ. "ಸಣ್ಣ ಹುಡುಗಿ, ತಿಳೀದ ಮಾತಾಡ್ತದ. ನಂದೇ ರೋಗ." ಸಾಕ್ಷಿಗಾಗಿ ಜೋರಾಗಿ ಕೆಮ್ಮಿದಳು.

"ನಂದು."

"ನನ್ನ ಮನಿ ರೋಗ, ನಂದು ಅಂದ್ರ ನಂದು!"

ರೋಗಕ್ಕಾಗಿ ಹಕ್ಕು ಸಾಧಿಸುವ ಇಂಥ ಜಗಳವನ್ನು ನಾನು ನನ್ನ ಇಡೀ ವೃತ್ತಿಯಲ್ಲಿ ಕಂಡಿರಲಿಲ್ಲ. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. "ಡಾಕ್ಟ್ರೇ, ನೀವರ ಹೇಳ್ರಿ, ಯಾರಿಗೆ?"

ಹೇಳುವ ಹಾಗಿಲ್ಲ. ರೋಗಿಯ ವಿಷಯ ಡಾಕ್ಟರು ಬಾಯಿ ಬಿಡಬಾರದು. "ನಾ ಹೇಳಂಗಿಲ್ಲ" ಎಂದೆ. "ಆದ್ರ ಒಂದು ಹೇಳ್ತೀನಿ. ಈ ಬ್ಯಾನಿ ಕಪ್ಪಿನಿಂದ ಬರೋದಲ್ಲ, ಔಷಧ ತಗೊಳ್ಳಲಾರದವರು ಕೆಮ್ಮಿದ್ರ ಗಾಳಿಯಿಂದ ಬರೋದು. ಇಲ್ಲಿ ಔಷಧ ನಾಲ್ಕು ತಿಂಗಳು ದಾಟ್ಯಾದ. ಈ ಇಬ್ಬರಿಂದ ನಿಮಗೇನೂ ಆಗಂಗಿಲ್ಲ. ಮನ್ಯಾಗ ಕೆಮ್ಮು ಇಟ್ಕೊಂಡು ಬಾಯಿ ಮುಚ್ಚಿ ಕೂತವರಿದ್ರ ಅವರಿಂದ ಹೆದರ್ರಿ."

ಮನೆಯೊಡತಿ ಸೊಸೆಯ ಕೈಯ ಲೋಟವನ್ನೂ ತೆಗೆದುಕೊಳ್ಳಲಿಲ್ಲ, ಅದಕ್ಕೆ ಚಹಾವನ್ನೂ ಹಾಕಲಿಲ್ಲ. ಸೊಸೆ ಅತ್ತೆಯನ್ನು ಎಬ್ಬಿಸಿಕೊಂಡು ಮಗುವಿನ ಕೈ ಹಿಡಿದು ಹೊರಟುಹೋದಳು. ನಾನೂ ಹೊರಟೆ. ಬಸ್ಸಿನಲ್ಲಿ ನನಗೆ ಅವಳ ಅಕ್ಕನದೇ ಯೋಚನೆ. ಐದು ತಿಂಗಳು ಅತ್ತೆ ಹೊತ್ತುಕೊಂಡು ಕಾಪಾಡಿದ್ದನ್ನು ಈ ಹುಡುಗಿ ಒಂದು ನಿಮಿಷದಲ್ಲಿ ಹರವಿಬಿಟ್ಟಿದ್ದಳು. ಓಣಿ ಚುಚ್ಚಿದರೆ ಗಂಡ ಎಷ್ಟು ದಿನ ಸುಮ್ಮನಿದ್ದಾನು?

ಮಂಗಳವಾರ ಅವಳು ಬರಲಿಲ್ಲ. ಆಶಾಗೆ ಫೋನ್ ಮಾಡಿದೆ. ಅವಳು ತರಬೇತಿಗೆಂದು ಹೋಗಿದ್ದಳು, ಏನೂ ಗೊತ್ತಿರಲಿಲ್ಲ. ಶುಕ್ರವಾರದವರೆಗೆ ನಾನು ಖೂಬಾ ಪ್ಲಾಟ್‌ನ ರೋಗಿಗಳ ಮೇಲೆ ವಿನಾಕಾರಣ ರೇಗಿದೆ. ಗ್ಯಾಸಿನ ಗುಳಿಗೆಯ ಹಿರಿಯರು, "ಆಜ್ ತಬಿಯತ್ ಠೀಕ್ ನೈ ಕ್ಯಾ, ಡಾಕ್ಟರ್ ಸಾಬ್?" ಎಂದು ನನ್ನನ್ನೇ ಕೇಳಿದರು.

ಶುಕ್ರವಾರ ಹನ್ನೊಂದರ ಹೊತ್ತಿಗೆ ಸೊಸೆ ಬಂದಳು. ಒಬ್ಬಳೇ ಅಲ್ಲ. ಹಿಂದೆ ಓಣಿಯ ಇಬ್ಬರು ಹೆಂಗಸರು, ಸೆರಗು ಬಾಯಿಗೆ ಹಿಡಿದು, ಬಾಗಿಲ ಹೊರಗೇ ನಿಂತಿದ್ದರು. ನರ್ಸಮ್ಮ ಮೂವರನ್ನೂ ತೂಗಿದಳು, ಈ ಸಲ ಮೂರು ಕಾರ್ಡಿನಲ್ಲಿ ಬರೆದಳು.

"ಮನ್ಯಾಗ ಏನಾತು?" ಎಂದೆ. ಮೊದಲು ಕೇಳಬೇಕಾದದ್ದು ಅದೇ ಆಗಿತ್ತು.

"ಏನೂ ಆಗಿಲ್ರಿ. ಮಂದಿ ನಮ್ಮ ಮನಿಯವರಿಗೆ ಬಸ್ಸಿನ್ಯಾಗ ಕೇಳಿದ್ರಂತ. ಹೌದು, ನನ್ನ ಹೇಣ್ತಿಗೇ ಅಂದಾರ." ಅವಳಿಗೆ ನಗು ತಡೆಯಲು ಆಗುತ್ತಿರಲಿಲ್ಲ. "ಅತ್ತಿ ಮಾತ್ರ ಮಾತು ಬಿಟ್ಟಾರ ನನ್ನ ಕೂಡ. ಅವರ ಕೆಮ್ಮು ಕಸ್ಕೊಂಡೀನಂತ." ಆಮೇಲೆ ಬಾಗಿಲ ಕಡೆ ತಿರುಗಿದಳು. "ಇವರಿಬ್ಬರಿಗೂ ಭಾಳ ದಿನದ ಕೆಮ್ಮು ಅದರಿ. ಹೇಳಾಕ ಹೆದರಿದ್ರು. ನಾ ಕರ್ಕೊಂಡು ಬಂದೀನಿ."

ಒಬ್ಬಳದು ಒಲೆಯ ಹೊಗೆಯ ಕೆಮ್ಮು. ಇನ್ನೊಬ್ಬಳ ಡಬ್ಬಿಯ ಫಲಿತಾಂಶ ಮುಂದಿನ ವಾರ ಬಂತು: ಕ್ಷಯ. ಸೊಸೆಯೇ ಅವಳನ್ನು ಮತ್ತೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಒಂದು ಮಾತೂ ಅವಳ ಕಿವಿಗೆ ಹೋದಂತೆ ಕಾಣಲಿಲ್ಲ.

ಸೊಸೆ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವಳ ಕೈ ಹಿಡಿದಳು. "ಆರು ತಿಂಗಳ ಮಾತು. ಎರಡನೇ ತಿಂಗಳಾಗ ವಾಕರಿಕಿ ಬರ್ತದ, ಆವಾಗ ಬಿಡಬ್ಯಾಡ. ನಾ ದಿನಾ ಮುಂಜಾನಿ ನಿಮ್ಮ ಮನಿಗೆ ಬಂದು ನಿನ್ನ ಮುಂದ ಕೂಡ್ತೀನಿ. ಚಾ ನಿಮ್ಮ ಮನ್ಯಾಗೇ ಕುಡೀತೀನಿ."

ಆ ಹೆಂಗಸು ಆಗ ತಲೆ ಎತ್ತಿ ಅವಳನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ ಗುಳಿಗೆ ಯಾವಾಗಿನಿಂದ ಶುರು ಎಂದು ಕೇಳಿದಳು.